ಸೈರನ್ನಿಗೊಂದು ಬಿಟ್ಟಿ ಕಂಪೈಲರ್

ನನಗೆ ಪ್ರೋಗ್ರಾಮಿಂಗ್ ಬರುತ್ತದೆ ಎಂದು ನಾನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿದವನಲ್ಲ. ಬರೆದುಕೊಟ್ಟೆ, ಅಷ್ಟೆ. ಅದೂ ಹನ್ನೊಂದು ವರ್ಷದ ಹಿಂದೆ, ಗಿರಣಿಯ ಆಫೀಸಿನಿಂದ ನೌಕರರಿಗೆಲ್ಲ ಒಂದು ಫಾರಂ ಬಂದಾಗ. ಹುಟ್ಟಿದ ದಿನ, ರಕ್ತದ ಗುಂಪು ಎಲ್ಲ ತುಂಬಿದ ಮೇಲೆ ‘ಇತರ ಪರಿಣತಿ’ ಎಂಬ ಖಾಲಿ ಜಾಗ ಉಳಿಯಿತು. ಪಕ್ಕದ ಮೇಜಿನ ಟೈಪಿಸ್ಟು ಅಲ್ಲಿ ‘ಈಜು’ ಎಂದು ಬರೆದಿದ್ದ. ಆ ಮನುಷ್ಯ ಮಳೆ ಬಂದರೆ ಬಾಗಿಲು ದಾಟುವವನಲ್ಲ. ಅವನೇ ಅಷ್ಟು ಬರೆದ ಮೇಲೆ ನಾನು ಗೀಟು ಎಳೆದು ಕೊಟ್ಟರೆ ಸ್ಟೋರ್ ವಿಭಾಗದ ಮಾನ ಏನಾಗಬೇಕು? ಮದುವೆಗೆ ಮುಂಚೆ ಮೂರು ತಿಂಗಳು ಕಂಪ್ಯೂಟರ್ ತರಗತಿಗೆ ಹೋಗಿದ್ದೆ. ಅಲ್ಲಿ ಕಲಿತದ್ದರಲ್ಲಿ ನೆನಪಿದ್ದದ್ದು, ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕು ಎಂಬುದೊಂದೇ. ಆದರೂ ದುಂಡಗೆ ‘ಪ್ರೋಗ್ರಾಮಿಂಗ್’ ಎಂದು ಬರೆದು ಸಹಿ ಹಾಕಿದೆ.

ಆ ಕಾಗದ ಹನ್ನೊಂದು ವರ್ಷ ಕಪಾಟಿನಲ್ಲಿ ತೆಪ್ಪಗೆ ಬಿದ್ದಿತ್ತು. ಈ ವರ್ಷ ಎದ್ದುಬಂದು ನನ್ನ ಕುತ್ತಿಗೆ ಹಿಡಿಯಿತು.

ವಿಷಯ ಸೈರನ್ನಿನದು. ನಮ್ಮ ನೂಲಿನ ಗಿರಣಿಯ ಗೋಪುರದ ಮೇಲೆ ಒಂದು ಸೈರನ್ ಇದೆ. ಕೆಲಸ ಶುರುವಾಗುವಾಗ, ಊಟಕ್ಕೆ ಬಿಡುವಾಗ, ಊಟ ಮುಗಿದಾಗ, ಸಂಜೆ ಮನೆಗೆ ಬಿಡುವಾಗ, ಹೀಗೆ ದಿನಕ್ಕೆ ನಾಲ್ಕು ಹೊತ್ತು ಕೂಗುತ್ತದೆ. ಗಿರಣಿಗೆ ಸಂಬಂಧವೇ ಇಲ್ಲದ ಶಾಲೆಯವರು, ಕ್ಷೌರದಂಗಡಿಯವರು, ಹಾಲಿನವರು ಎಲ್ಲರೂ ಅದನ್ನೇ ನಂಬಿ ದಿನ ತಳ್ಳುವವರು. ಮೂವತ್ತೊಂದು ವರ್ಷ ಅದನ್ನು ಕೈಯಿಂದ ಎಳೆದು ಕೂಗಿಸಿದವರು ನನ್ನ ಮಾವ, ಎಂದರೆ ಹೆಂಡತಿಯ ತಂದೆ. “ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಮೆಮೊ!” ಎಂದು ಮನೆಗೆ ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳುತ್ತಾರೆ. ಆ ಒಂದು ಮೆಮೊ ಯಾತಕ್ಕೆ ಬಂದಿತ್ತು ಎಂದು ಕೇಳಿದರೆ ಮಾತ್ರ ನೀರು ಕುಡಿಯಲು ಎದ್ದುಹೋಗುತ್ತಾರೆ.

ಒಂಬತ್ತು ವರ್ಷದ ಹಿಂದೆ ಮಾವ ನಿವೃತ್ತರಾದರು. ಆಗಿನ ಕರೆಂಟ್ ಇಂಜಿನಿಯರು ಅವರ ಜಾಗಕ್ಕೆ ಇನ್ನೊಬ್ಬರನ್ನು ಕೇಳದೆ, ಗೇಟಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಕೂರಿಸಿ, ಒಂದು ಪ್ರೋಗ್ರಾಂ ಬರೆದು, ಸೈರನ್ನಿನ ತಂತಿಯನ್ನು ಅದಕ್ಕೆ ಸಿಕ್ಕಿಸಿದರು. ಎಳೆಯುವ ಹಿಡಿಕೆಯನ್ನು ಕಿತ್ತುಹಾಕಿದರು. ಬೀಳ್ಕೊಡುಗೆಯ ದಿನ ಮಾವ ಆ ಡಬ್ಬವನ್ನು ಸುತ್ತು ಹಾಕಿ ನೋಡಿ, “ಇದಕ್ಕೆ ಹಸಿವಾಗತ್ತಾ? ಹಸಿವೇ ಇಲ್ಲದ್ದಕ್ಕೆ ಊಟದ ಹೊತ್ತು ಹೆಂಗ್ರೀ ಗೊತ್ತಾಗತ್ತೆ?” ಎಂದು ಕೇಳಿದ್ದರು. ಆದರೆ ನಿಯತ್ತಿನ ಮನುಷ್ಯ. ಡಬ್ಬ ಕೂಗಿಸಿದರೂ ಸೈರನ್ ಸೈರನ್ನೇ ಎಂದು ಒಪ್ಪಿಕೊಂಡು, ಅದು ಕೂಗಿದ ಮೇಲೆಯೇ ತಟ್ಟೆಯ ಮುಂದೆ ಕೂರುತ್ತಿದ್ದರು.

ಎರಡು ತಿಂಗಳ ಹಿಂದೆ ಗಿರಣಿಯವರು ಪಾಳಿಯ ಹೊತ್ತು ಬದಲಿಸಿದರು. ಬೆಳಗಿನದು ಕಾಲು ಗಂಟೆ ಮುಂಚೆ, ಊಟದ್ದು ಕಾಲು ಗಂಟೆ ತಡ, ಸಂಜೆಯದು ಅರ್ಧ ಗಂಟೆ ತಡ. ಸೈರನ್ನಿಗೆ ಇದನ್ನು ಹೇಳುವವರು ಯಾರು? ಇಂಜಿನಿಯರು ಎಂದೋ ಬೇರೆ ಗಿರಣಿಗೆ ಹೋಗಿದ್ದರು. ಅದು ಪಾಪ ಹಳೆಯ ಹೊತ್ತಿಗೇ ಕೂಗಿತು. ಅರ್ಧ ಜನ ಕೈಗಡಿಯಾರ ನಂಬಿ ಒಳಗೆ ಹೋದರು, ಅರ್ಧ ಜನ ಸೈರನ್ ನಂಬಿ ಹೊರಗೆ ಬಂದರು, ಬಾಗಿಲಲ್ಲಿ ಎರಡೂ ಕಡೆಯವರು ಸಿಕ್ಕಿಹಾಕಿಕೊಂಡರು. ಮ್ಯಾನೇಜರ್ ಸಾಹೇಬರು ಸಿಟ್ಟಿನಲ್ಲಿ ಬಂದು ಸೈರನ್ನಿನ ಸ್ವಿಚ್ಚು ಆರಿಸಿಬಿಟ್ಟರು.

ಅಲ್ಲಿಂದ ನಮ್ಮ ಮನೆಯಲ್ಲಿ ಶನಿ ಹೊಕ್ಕಿತು. ಮಧ್ಯಾಹ್ನ ತಟ್ಟೆ ಇಟ್ಟರೆ ಮಾವ, “ಸೈರನ್ ಆಗಲಿ ತಡಿ” ಎನ್ನುವರು. “ಅಪ್ಪಾ, ಗೋಡೆ ಮೇಲೆ ಗಡಿಯಾರ ಇದೆ, ನೋಡು” ಎಂದು ನನ್ನ ಹೆಂಡತಿ ಹೇಳಿದರೆ, “ಗಡಿಯಾರ ಕಣ್ಣಿಗೆ ಹೇಳತ್ತೆ ತಾಯಿ, ಹೊಟ್ಟೆಗೆ ಹೇಳಲ್ಲ” ಎನ್ನುವರು. ಹಟವಲ್ಲ ಅದು. ನಲವತ್ತು ವರ್ಷ ಆ ಕೂಗಿಗೆ ತೆರೆದುಕೊಂಡ ಹೊಟ್ಟೆ ನಿಜವಾಗಿಯೂ ಮುಚ್ಚಿಕೊಂಡಿತ್ತು. ನಾಲ್ಕು ತುತ್ತು ತಿಂದು ಕೈ ತೊಳೆಯುವರು. ಎರಡು ವಾರದಲ್ಲಿ ಅಂಗಿಯ ಕಾಲರು ಕುತ್ತಿಗೆಗೆ ಸಡಿಲವಾಯಿತು. ಸಂಜೆ ಬಾಗಿಲ ಮೆಟ್ಟಿಲ ಮೇಲೆ ಗಿರಣಿಯ ಕಡೆ ಮುಖ ಮಾಡಿ ಕೂತುಬಿಡುವರು. ಹೆಂಡತಿ ಒಳಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಕಂಡೆ.

ಆ ಸೋಮವಾರ ಸಾಹೇಬರು ಕರೆಸಿದರು. ಮೇಜಿನ ಮೇಲೆ ನನ್ನ ಹನ್ನೊಂದು ವರ್ಷದ ಹಿಂದಿನ ಫಾರಂ ಇತ್ತು.

“ನಿಮಗೆ ಪ್ರೋಗ್ರಾಮಿಂಗ್ ಬರತ್ತಂತೆ! ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ರಲ್ಲ ಮಾರಾಯ್ರೇ!”

“ಸ್ವಲ್ಪ ರೂಢಿ ತಪ್ಪಿದೆ ಸಾರ್.”

“ಸೈಕಲ್ಲು, ಈಜು, ಪ್ರೋಗ್ರಾಮಿಂಗ್ ಇವೆಲ್ಲ ಒಂದ್ಸಲ ಕಲಿತರೆ ಮರೆಯಲ್ಲ.”

ಈಜು ಎಂದದ್ದೇ ತಡ, ಕಾಗದ ತಂದಿದ್ದ ಟೈಪಿಸ್ಟು ಮೆಲ್ಲಗೆ ಕೋಣೆಯಿಂದ ಜಾರಿದ.

“ಶನಿವಾರ ಪ್ರಧಾನ ಕಚೇರಿಯವರು ಬರ್ತಾರೆ” ಎಂದರು ಸಾಹೇಬರು. “ಕೂಗದ ಸೈರನ್ನಿಗೆ ಗೋಪುರ ಯಾಕೆ ಅಂತ ಕೇಳೇ ಕೇಳ್ತಾರೆ. ಅಷ್ಟರೊಳಗೆ ಹೊಸ ಹೊತ್ತಿಗೆ ಕೂಗಿದರೆ ಸರಿ. ಇಲ್ಲಾಂದ್ರೆ ಇಳಿಸಿ ಗುಜರಿಗೆ. ಒಂದು ಮಾತು, ಇದಕ್ಕೆ ಅಂತ ಬಿಡಿಗಾಸೂ ಕೇಳಬೇಡಿ. ಏನು ಬೇಕಾದರೂ ಬಿಟ್ಟಿ ಸಿಗಬೇಕು.”

ಬರುವುದಿಲ್ಲ ಎಂದು ಆಗಲೇ ಹೇಳಬಹುದಿತ್ತು. ಆದರೆ ಗುಜರಿ ಎಂದ ಕೂಡಲೇ ಮೆಟ್ಟಿಲ ಮೇಲೆ ಕೂತ ಮಾವ ಕಣ್ಣಮುಂದೆ ಬಂದರು. “ಆಗಲಿ ಸಾರ್” ಎಂದೆ.

ಇಂಜಿನಿಯರು ಬಿಟ್ಟುಹೋದದ್ದು ಪ್ರೋಗ್ರಾಮಿನ ನಾಲ್ಕು ಹಾಳೆ ಮಾತ್ರ. ಅದು ಕೈಗೆ ಬಂದ ಕೂಡಲೇ ಇಪ್ಪತ್ತೆರಡು ವರ್ಷದ ಸ್ಟೋರ್ ಗುಮಾಸ್ತ ಮಾಡಬೇಕಾದ ಮೊದಲ ಕೆಲಸ ಮಾಡಿದೆ. ಪಂಚಿಂಗ್ ಯಂತ್ರದಿಂದ ಎಡ ಅಂಚಿಗೆ ಎರಡೆರಡು ತೂತು ಹೊಡೆದು, ಟ್ಯಾಗು ಪೋಣಿಸಿ, ಪುಟಸಂಖ್ಯೆ ಹಾಕಿ, ಫೈಲು ಮಾಡಿದೆ. ಎರಡನೇ ಹಾಳೆ ಸ್ವಲ್ಪ ಒಳಗೆ ಸರಿದು ತೂತು ಬಿದ್ದದ್ದು ಕಂಡಿತು. ಇರಲಿ ಬಿಡು ಎಂದುಕೊಂಡೆ.

ಮಂಗಳವಾರ ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ರಿಪೇರಿ ಮಾಡುವವನ ಹತ್ತಿರ ಹೋದೆ. ಬಿಚ್ಚಿದ ಯಂತ್ರಗಳ ನಡುವೆ ಅವನು ತಲೆ ಮಾತ್ರ ಕಾಣುವಂತೆ ಕೂತಿದ್ದ. ಫೈಲು ನೋಡಿ, “ಇದು ಮನುಷ್ಯ ಬರೆದಿರೋದು ಸಾರ್. ಯಂತ್ರಕ್ಕೆ ಅರ್ಥ ಆಗಲ್ಲ. ಮಧ್ಯದಲ್ಲಿ ಒಂದು ಕಂಪೈಲರ್ ಬೇಕು” ಎಂದ.

“ಅದೇನಪ್ಪಾ?” ಎಂದೆ. ಅವನು ಸ್ಕ್ರೂಡ್ರೈವರು ಕೆಳಗಿಟ್ಟ. “ನೋಡಿ, ನಿಮ್ಮ ಸ್ಟೋರಿಗೆ ಕೂಲಿಯವನು ಬಂದು ‘ಆ ಸೊಟ್ಟಗಿರೋದು ಕೊಡಿ’ ಅಂತಾನೆ. ನೀವು ಅದನ್ನ ‘ನಾಲ್ಕು ಸಾವಿರದ ನಾನೂರ ಎಪ್ಪತ್ತೊಂದು, ಮೂರನೇ ಕಪಾಟು’ ಅಂತ ಚೀಟಿಗೆ ಇಳಿಸ್ತೀರಿ. ಆ ಕೆಲಸ ಮಾಡೋ ಪ್ರೋಗ್ರಾಮಿಗೆ ಕಂಪೈಲರ್ ಅಂತಾರೆ.”

ಎಂದರೆ ಇಪ್ಪತ್ತೆರಡು ವರ್ಷದಿಂದ ನಾನು ಕಂಪೈಲರ್ ಆಗಿದ್ದೆ, ನನಗೇ ಗೊತ್ತಿರಲಿಲ್ಲ! ಅಷ್ಟು ಹೊತ್ತೂ ಬಾಗಿದ್ದ ಬೆನ್ನು ನೆಟ್ಟಗಾಯಿತು. ಹನ್ನೊಂದು ವರ್ಷದ ಹಿಂದೆ ಬರೆದುಕೊಟ್ಟದ್ದು ಪೂರ್ತಿ ಸುಳ್ಳೂ ಅಲ್ಲ ಎಂದು ಸಮಾಧಾನವಾಯಿತು.

“ಬಿಟ್ಟಿ ಸಿಗತ್ತಾ?” ಎಂದು ಕೇಳಿದೆ.

“ರಾಶಿ ಇವೆ. ಆರಿಸೋದೇ ಕಷ್ಟ” ಎಂದು ಅವನು ಮೂರು ಕಟ್ಟಿಕೊಟ್ಟ. ಒಂದು ಈಚಿನದು, ಬಣ್ಣಬಣ್ಣದ್ದು, ಒಂದು ಡಿಸ್ಕಿನ ತುಂಬ ಇತ್ತು. ಇನ್ನೊಂದು ನಡುವಯಸ್ಸಿನದು, ಎಂಟು ಫ್ಲಾಪಿ. ಮೂರನೆಯದು ಒಂದೇ ಒಂದು ಫ್ಲಾಪಿ. ಚಿತ್ರವಿಲ್ಲ, ಬಣ್ಣವಿಲ್ಲ, ಅದನ್ನು ಮಾಡಿದವರಿಗೂ ಮರೆತುಹೋಗಿರಬಹುದಾದಷ್ಟು ಹಳೆಯದು.

ಆ ಸಂಜೆ ನಮ್ಮ ಮನೆಯ ಹಜಾರದಲ್ಲಿ ಮಹಾಸಭೆ ಸೇರಿತು. ಹೆಂಡತಿಯ ತಮ್ಮ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವವನು. ಅವನ ಪ್ರಕಾರ ಆರು ತಿಂಗಳು ದಾಟಿದ ವಸ್ತುವನ್ನು ಮುಟ್ಟಿದರೆ ಕೈ ತೊಳೆಯಬೇಕು. “ಭಾವ, ಕಣ್ಣು ಮುಚ್ಚಿ ಲೇಟೆಸ್ಟ್ ಹಾಕಿ! ಈ ಒಂದು ಫ್ಲಾಪಿದು ನೋಡಿದರೆ ನನಗೇ ನಾಚಿಕೆ ಆಗ್ತಿದೆ” ಎಂದ.

“ಬಿಟ್ಟಿ ಕೊಡ್ತಾರೆ ಅಂದರೆ ಏನೋ ಐಬು ಇರಬೇಕು” ಎಂದರು ಎದುರುಮನೆ ಅಕ್ಕ. ಅವರು ನಮ್ಮ ಬೀದಿಯ ವಾರ್ತಾ ಇಲಾಖೆ. “ದೊಡ್ಡದೇ ತಗೊಳ್ಳಿ. ಹೇಗಿದ್ದರೂ ದುಡ್ಡಿಲ್ಲ, ಚಿಕ್ಕದು ಯಾಕೆ?”

“ಯಾವುದು ಬೇಗ ಆಗತ್ತೋ ಅದನ್ನ ಹಾಕ್ರೀ, ಅಪ್ಪನ ಮುಖ ನೋಡಕ್ಕಾಗ್ತಿಲ್ಲ” ಎಂದಳು ಹೆಂಡತಿ.

ಮಾವ ಮಾತ್ರ ಮೂರನ್ನೂ ಕೈಯಲ್ಲಿ ತೂಗಿ ನೋಡಿ, “ಅಳಿಯಂದ್ರೇ, ಇವುಗಳ ವಯಸ್ಸೆಷ್ಟು?” ಎಂದು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ದೇವರು ಕ್ಷಮಿಸಲಿ.

ಬುಧವಾರ ಗೇಟಿನ ಕೋಣೆಗೆ ಹೋದೆವು, ನಾನು ಮತ್ತು ಭಾವಮೈದ. ಅಲ್ಲಿನ ಕಾವಲುಗಾರನಿಗೆ ಎಲ್ಲರೂ ದಾಖಲೆಯಣ್ಣ ಎನ್ನುತ್ತಾರೆ. ಗೇಟಿನೊಳಗೆ ನಾಯಿ ಬಂದರೂ ಬಂದ ಹೊತ್ತು, ಹೋದ ಹೊತ್ತು, ಬಣ್ಣ ಬರೆದುಕೊಳ್ಳುವ ಮನುಷ್ಯ. ಆ ಕಂಪ್ಯೂಟರ್ ಅವನ ಬುತ್ತಿಯ ಪಕ್ಕದಲ್ಲಿ ಕೂತಿತ್ತು. ಅದರ ಆಪರೇಟಿಂಗ್ ಸಿಸ್ಟಮ್, ಎಂದರೆ ಯಂತ್ರವನ್ನು ನಡೆಸುವ ಯಜಮಾನ, ಇಂಜಿನಿಯರು ತಂದಾಗಲೇ ಮುದುಕ. ಕಪ್ಪು ಪರದೆ, ಬಿಳಿ ಅಕ್ಷರ, ಮೌಸ್ ಎಂಬುದರ ಪರಿಚಯವೇ ಇಲ್ಲ.

ಲೇಟೆಸ್ಟ್ ಡಿಸ್ಕನ್ನು ಅದು ಬಾಯೊಳಗೆ ತೆಗೆದುಕೊಳ್ಳಲೇ ಇಲ್ಲ. ಭಾವಮೈದ ಎಲ್ಲಿಂದಲೋ ತಂತಿ ತಂದು ಬಲವಂತವಾಗಿ ಉಣ್ಣಿಸಿದ. ಹತ್ತು ನಿಮಿಷ ಗುರುಗುಟ್ಟಿ ಯಂತ್ರ ಒಂದೇ ಸಾಲು ಬರೆಯಿತು: ‘ಇದಕ್ಕೆ ಹೊಸ ಆಪರೇಟಿಂಗ್ ಸಿಸ್ಟಮ್ ಬೇಕು.’

“ಹಾಗಾದರೆ ಅದನ್ನೂ ಹೊಸದು ಹಾಕೋಣ ಭಾವ!”

“ಹಾಕಿದರೆ ಸೈರನ್ನಿನ ತಂತಿ ಸಿಕ್ಕಿಸಿರೋ ಒಳಗಿನ ಕಾರ್ಡನ್ನ ಹೊಸದು ಗುರುತು ಹಿಡಿಯಲ್ಲ ಅಂದಿದ್ದಾನೆ ಕಣೋ ರಿಪೇರಿಯವನು.”

“ಹಾಗಾದರೆ ಸೈರನ್ನೇ ಹೊಸದು...” ಎಂದು ಶುರು ಮಾಡಿದವನು ನನ್ನ ಮುಖ ನೋಡಿ ಎಂಟು ಫ್ಲಾಪಿಯ ಕಟ್ಟು ಬಿಚ್ಚತೊಡಗಿದ.

ಎಂಟು ಫ್ಲಾಪಿಯದು ಆರರವರೆಗೆ ಚೆನ್ನಾಗಿ ಹೋಗಿ ಏಳನೆಯದರಲ್ಲಿ ಪ್ರಾಣ ಬಿಟ್ಟಿತು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಆಗ ಎದುರಿನ ಗೋಡೆಯ ಮೇಲೆ, ಸ್ಟೋರಿನಿಂದ ನಾನೇ ಬರೆದು ಅಂಟಿಸಿದ್ದ ಸೂಚನೆ ಕಣ್ಣಿಗೆ ಬಿತ್ತು: ‘ಬಿಡಿಭಾಗ ಕೇಳುವ ಮುನ್ನ ಯಂತ್ರದ ವರ್ಷ ಹೇಳಿ.’ ಹಳೆಯ ನೂಲುವ ಯಂತ್ರಕ್ಕೆ ಹೊಸ ಹಲ್ಲುಚಕ್ರ ಕೇಳಿಕೊಂಡು ಬಂದವರನ್ನು ಇಪ್ಪತ್ತೆರಡು ವರ್ಷದಿಂದ ಉಗಿದು ಕಳಿಸಿದವನು ನಾನು! ಮಾವ ನಿನ್ನೆ ಕೇಳಿದ್ದೂ ಅದನ್ನೇ ಅಲ್ಲವೇ? ಆ ಒಂದು ಫ್ಲಾಪಿ ತೆಗೆದು ತುರುಕಿದೆ. ಕಪ್ಪು ಪರದೆಯ ಮೇಲೆ ಒಂದು ಬಿಳಿ ಚುಕ್ಕೆ ಮಿಣಮಿಣ ಎಂದು, ಹೇಳಿ ಏನಾಗಬೇಕು ಎನ್ನುವ ಹಾಗೆ ಕಾದು ನಿಂತಿತು. ಮುದುಕನಿಗೆ ಮುದುಕ ಸಿಕ್ಕಿದ್ದ. ಭಾವಮೈದ ಅಂಗಡಿಯ ಕೆಲಸ ನೆನಪಾಗಿ ಜಾಗ ಖಾಲಿ ಮಾಡಿದ.

ಗುರುವಾರ ಪೂರ್ತಿ ನಾಲ್ಕು ಹಾಳೆ ನೋಡಿಕೊಂಡು ಒಂದೇ ಬೆರಳಲ್ಲಿ ಕುಟ್ಟಿದೆ. ಹೊತ್ತಿನ ಅಂಕಿಗಳನ್ನು ಮಾತ್ರ ಹೊಸದಾಗಿ ಹಾಕಿದೆ. ಸಂಜೆ ನಾಲ್ಕಕ್ಕೆ ಕಂಪೈಲರಿಗೆ ಒಪ್ಪಿಸಿ ಕೈ ಮುಗಿದೆ. ಪರದೆ ಉರುಳತೊಡಗಿತು. ಉರುಳಿತು, ಉರುಳಿತು, ನಿಲ್ಲಲೊಲ್ಲದು. ಕೊನೆಗೆ ನಿಂತದ್ದು ‘ತಪ್ಪುಗಳು: 214’ ಎಂದು ಹೇಳಿ.

ದಾಖಲೆಯಣ್ಣ ಹಿಂದಿನಿಂದ ಇಣುಕಿ ನೋಡಿ, ಕಿವಿಯ ಮೇಲಿನ ಪೆನ್ಸಿಲು ತೆಗೆದ.

“ಏನು ಮಾಡ್ತಿದ್ದೀಯಣ್ಣ?”

“ನನ್ನ ಕೋಣೆಯಲ್ಲಿ ಆದ ತಪ್ಪು ನನ್ನ ಪುಸ್ತಕದಲ್ಲಿ ಬರಬೇಕು ಸಾರ್. ಒಂದೊಂದೇ ಓದಿ.”

“ಇನ್ನೂರ ಹದಿನಾಲ್ಕೂನಾ?”

“ನಾಳೆ ಯಾರಾದರೂ ಕೇಳಿದರೆ ಇನ್ನೂರ ಹದಿಮೂರು ಬರೆದಿದ್ದೀಯಲ್ಲ ಅಂತ ನನ್ನ ಹಿಡೀತಾರೆ.”

ಓದಿದೆ. ಅವನು ತನಗೆ ತಿಳಿದ ಹಾಗೆ ಬರೆದುಕೊಂಡ. ಪಾಳಿ ಬಿಡುವ ಹೊತ್ತಿಗೆ ಒಂಬತ್ತು ಪುಟ ತುಂಬಿತ್ತು.

ಶುಕ್ರವಾರ ಬೆಳಿಗ್ಗೆ ಸಾಹೇಬರು ಎಂದಿನಂತೆ ಕಾಫಿ ಹೀರುತ್ತ ಗೇಟಿನ ಪುಸ್ತಕ ತೆರೆದರು. ಮುಂದಿನದನ್ನು ಟೈಪಿಸ್ಟು ಕಣ್ಣಾರೆ ಕಂಡು ನನಗೆ ಹೇಳಿದ. ಕೊನೆಯ ಪುಟದಲ್ಲಿ ಹೀಗಿತ್ತು: ‘ಗೇಟಿನಲ್ಲಿ ನಡೆದ ಒಟ್ಟು ತಪ್ಪು 214. ಗುರುತು ಸಿಗದ ಹೆಸರುಗಳು 106. ಬರಬೇಕಾಗಿದ್ದು ಬಾರದೆ ಇದ್ದದ್ದು 107. ಅನಿರೀಕ್ಷಿತವಾಗಿ ಮುಗಿದದ್ದು 1. ಎಲ್ಲಕ್ಕೂ ಹೊಣೆ: ಸ್ಟೋರ್ ಗುಮಾಸ್ತರು.’ ಕಾಫಿ ಸಾಹೇಬರ ಮೂಗಿನಿಂದ ಬಂತಂತೆ.

ನಾನು ಅವರ ಕೋಣೆಗೆ ಹೋಗುವಷ್ಟರಲ್ಲಿ ಕಾರ್ಮಿಕ ಸಂಘದ ಮುಖಂಡರು ಮೇಜು ಗುದ್ದುತ್ತಿದ್ದರು. “ನೂರಾ ಆರು ಹೊಸಬರನ್ನ ಹೆಸರೂ ಕೇಳದೆ ಗೇಟೊಳಗೆ ಬಿಟ್ಟುಕೊಂಡಿದ್ದೀರಿ! ನಮ್ಮವರನ್ನ ಮನೆಗೆ ಕಳಿಸೋ ಹುನ್ನಾರ ಇದು! ಇವತ್ತೇ ಹೇಳಿ, ಆ ನೂರಾ ಆರು ಜನ ಎಲ್ಲಿದ್ದಾರೆ?”

“ಎಲ್ಲಿದ್ದಾರೆ?” ಎಂದು ಸಾಹೇಬರು ನನ್ನನ್ನು ಕೇಳಿದರು.

“ಎರಡನೇ ಹಾಳೆ ದಾಟಿದ ಮೇಲೆ ಎಲ್ಲ ಕಡೆ ಇದ್ದಾರೆ ಸಾರ್” ಎಂದೆ ನಿಜ ಹೇಳುವ ಆತುರದಲ್ಲಿ.

“ನೋಡಿದ್ರಾ! ಒಪ್ಪಿಕೊಂಡ!” ಎಂದು ಮುಖಂಡರು ಎದ್ದು ನಿಂತರು.

ಜನರಲ್ಲ, ಅವು ಅಕ್ಷರಗಳು ಎಂದು ತಿಳಿಸಿಹೇಳುವುದರಲ್ಲಿ ಅರ್ಧ ದಿನ ಹೋಯಿತು. ಕೊನೆಗೆ ಸಾಹೇಬರು ಸುಸ್ತಾಗಿ, “ನಾನು ಹೇಳೋದು ಇಷ್ಟೇ. ಸಂಜೆ ಸೈರನ್ ಕೂಗಬೇಕು. ಕೂಗಲಿಲ್ಲ, ನಾಳೆ ಬೆಳಿಗ್ಗೆ ಗುಜರಿಯವನು ಏಣಿ ತರ್ತಾನೆ” ಎಂದು ಬಾಗಿಲು ತೋರಿಸಿದರು.

ಗೇಟಿಗೆ ಬಂದರೆ ಅಲ್ಲಿ ಮಾವ! ಎದುರುಮನೆ ಅಕ್ಕನ ಇಲಾಖೆಯಿಂದ ಸುದ್ದಿ ಹೋಗಿತ್ತು, ಅಳಿಯಂದಿರು ಗೇಟಿನಲ್ಲಿ ಇನ್ನೂರು ತಪ್ಪು ಮಾಡಿ ಸಿಕ್ಕಿಬಿದ್ದಿದ್ದಾರೆ ಎಂದು. ಮನುಷ್ಯ ಸಡಿಲ ಕಾಲರಿಗೆ ಗುಂಡಿ ಹಾಕಿ, ಊರುಗೋಲು ಹಿಡಿದು, ಬಿಸಿಲಲ್ಲಿ ನಡೆದೇ ಬಂದಿದ್ದರು. ದಾಖಲೆಯಣ್ಣನನ್ನು ತರಾಟೆಗೆ ತೆಗೆದುಕೊಂಡಿದ್ದರು. “ನನ್ನ ಅಳಿಯ ಇಪ್ಪತ್ತೆರಡು ವರ್ಷದಲ್ಲಿ ಒಂದು ಮೊಳೆ ತಪ್ಪು ಕೊಟ್ಟವನಲ್ಲ. ಬರೆದುಕೋ ಇದನ್ನೂ!”

“ಮಾವ, ನನಗೆ ಪ್ರೋಗ್ರಾಮಿಂಗ್ ಬರಲ್ಲ. ಸುಮ್ನೆ ಬರೆದುಕೊಟ್ಟಿದ್ದೆ. ನಿಮ್ಮ ಸೈರನ್ ನನ್ನಿಂದ ಹೋಯ್ತು” ಎಂದುಬಿಟ್ಟೆ.

ಮಾವ ಗದರಲಿಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ ಕುರ್ಚಿಯಲ್ಲಿ ಕೂತು, “ಬರದೆ ಇದ್ದವರು ನಾಲ್ಕು ಹಾಳೆ ಕುಟ್ಟಿದ್ದೀರಲ್ಲ, ಅದೇ ದೊಡ್ಡದು. ಎಲ್ಲಿ, ಫೈಲು ಕೊಡಿ” ಎಂದರು.

ಅವರಿಗೆ ಅದರ ಒಂದಕ್ಷರ ಗೊತ್ತಿಲ್ಲ. ಆದರೆ ಮೂವತ್ತೊಂದು ವರ್ಷ ಒಂದೇ ಯಂತ್ರವನ್ನು ನೋಡಿದ ಕಣ್ಣು. ಹಾಳೆ ತಿರುವಿದರು. ಎರಡನೆಯದರ ಮೇಲೆ ಬೆರಳಿಟ್ಟರು.

“ಮಿಕ್ಕ ಕಡೆಯೆಲ್ಲ ಇಷ್ಟು ಸಾಲು ಆದಮೇಲೆ ಅಂಚಿನಲ್ಲಿ ಒಂದು ಬಾಗಿದ ಬ್ರಾಕೆಟ್ಟು ಇದೆ. ಇಲ್ಲಿ ಯಾಕಿಲ್ಲ?”

“ಅಲ್ಲಿ ತೂತಿದೆ ಮಾವ.”

“ಅದೇ ಕೇಳಿದ್ದು. ತೂತು ಹೊಡೆಯೋಕೆ ಮುಂಚೆ ಅಲ್ಲಿ ಏನಿತ್ತು?”

ಆಗ ಹೊಳೆಯಿತು. ಇನ್ನೂರ ಹದಿನಾಲ್ಕು ತಪ್ಪಲ್ಲ, ಒಂದೇ ತಪ್ಪು. ಅದನ್ನು ಮಾಡಿದ್ದು ನನ್ನ ಪಂಚಿಂಗ್ ಯಂತ್ರ. ಮುಚ್ಚುವ ಬ್ರಾಕೆಟ್ಟು ಹಾರಿಹೋಗಿ, ಅಲ್ಲಿಂದ ಮುಂದಿನದೆಲ್ಲ ಕಂಪೈಲರಿಗೆ ಗುರುತು ಸಿಗದ ಹೆಸರಾಗಿತ್ತು. ದಾಖಲೆಯಣ್ಣ ಮೂಗಿನ ಮೇಲೆ ಬೆರಳಿಟ್ಟು, ಅದನ್ನೂ ಬರೆಯಲು ಹೊಸ ಪುಟ ತಿರುವಿದ.

ಬ್ರಾಕೆಟ್ಟು ಹಾಕಿದೆ. ಆದರೆ ಅದೇ ಹಾಳೆಯಲ್ಲಿ ಕೆಳಗೆ ಇನ್ನೊಂದು ತೂತು. ಅಲ್ಲಿ ಸೈರನ್ನಿನ ಪಟ್ಟಿ ಇತ್ತು. ಪ್ರತಿ ಸಾಲಿನ ಮೊದಲ ಅಂಕಿ ಆ ಹೊತ್ತಿಗೆ ಎಷ್ಟು ಕೂಗು ಎಂಬುದು. ಬೆಳಿಗ್ಗೆಗೆ ಎರಡು (ಎರಡನೆಯದು ಚಿಕ್ಕದು), ಊಟಕ್ಕೆ ಒಂದು, ಊಟ ಮುಗಿದದ್ದಕ್ಕೆ ಒಂದು. ಸಂಜೆಯ ಅಂಕಿ ತೂತಿನ ಪಾಲಾಗಿತ್ತು. ಗುರುವಾರ ಅದನ್ನು ಹಾಗೇ ಬಿಟ್ಟು ಮುಂದೆ ಕುಟ್ಟಿದ್ದೆ.

“ಸಂಜೆ ಒಂದೇ ಕೂಗು ಸಾರ್, ನಾನು ಬಂದು ಆರು ವರ್ಷ ಆಯ್ತು” ಎಂದ ದಾಖಲೆಯಣ್ಣ.

“ಎಲ್ಲಿಯ ಒಂದು? ಎರಡು! ನಾನು ಸೇರಿದಾಗಿನಿಂದ ಎರಡು” ಎಂದರು ಅಲ್ಲೇ ಕಾವಲಿಗೆ ನಿಂತಿದ್ದ ಸಂಘದ ಮುಖಂಡರು. ಅವರಿಗೆ ಇನ್ನೂ ಆ ನೂರಾ ಆರು ಜನರ ಮೇಲೆ ಅನುಮಾನ ಹೋಗಿರಲಿಲ್ಲ.

ನನಗೆ ಮಸುಕಾಗಿ ಎರಡೂ ನೆನಪು. ದಿನಾ ಕೇಳಿದ್ದನ್ನು ಯಾರು ಎಣಿಸುತ್ತಾರೆ?

“ಮಾವ, ನೀವೇ ಹೇಳಿ. ಈ ತೂತಿನಲ್ಲಿ ಯಾವ ಅಂಕಿ ಇದ್ದಿರಬೇಕು?”

ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ತೂತಿನೊಳಗೆ ನೋಡಿದರು.

“ಎರಡು” ಎಂದರು.

ಎರಡು ಎಂದು ಒತ್ತಿದೆ. ಕಂಪೈಲರ್ ಒಂದು ಕ್ಷಣ ಯೋಚಿಸಿ, ಒಂದೇ ಸಾಲು ಬರೆಯಿತು: ‘ತಪ್ಪುಗಳು: 0.’ ನಾನು ಚಪ್ಪಾಳೆ ತಟ್ಟಿದೆ. ದಾಖಲೆಯಣ್ಣ ‘ತಪ್ಪು ಸೊನ್ನೆ, ಹೊಣೆ ಯಾರೂ ಇಲ್ಲ’ ಎಂದು ಬರೆದುಕೊಂಡ.

ಐದೂವರೆಗೆ ಸಾಹೇಬರೂ ಬಂದು, ತಾವೇ ಆರಿಸಿದ್ದ ಸ್ವಿಚ್ಚು ಹಾಕಿ, ಗೋಪುರದ ಕೆಳಗೆ ನಿಂತರು. ಮಾವ ಸ್ವಲ್ಪ ದೂರದಲ್ಲಿ, ಹಿಂದೆ ಹಿಡಿಕೆ ಇದ್ದ ಜಾಗದಲ್ಲಿ ನಿಂತಿದ್ದರು. ಅವರ ಬಲಗೈ ತಾನಾಗಿಯೇ ಗಾಳಿಯಲ್ಲಿ ಮೇಲಕ್ಕೆ ಹೋಯಿತು. ಕೈ ಇಳಿಯುವುದಕ್ಕೂ ಸೈರನ್ ಎದ್ದು ಕೂಗುವುದಕ್ಕೂ ಸರಿಹೋಯಿತು. ಮೂರು ವಾರದ ಮೇಲೆ ಬಂದ ಕೂಗು! ಕ್ಷೌರದಂಗಡಿಯವನು ಅರ್ಧ ಮೀಸೆಯ ಗಿರಾಕಿಯನ್ನು ಬಿಟ್ಟು ಬೀದಿಗೆ ಬಂದ. ಟೈಪಿಸ್ಟು ಕಿಟಕಿಯಿಂದ ಕೈ ಬೀಸಿದ. ಕೂಗು ಇಳಿದು ನಿಂತಿತು. ಎಲ್ಲರೂ ಹೊರಡಬೇಕು, ಅಷ್ಟರಲ್ಲಿ ಇನ್ನೊಂದು ಸಲ, ಚಿಕ್ಕದಾಗಿ, ಯಾರನ್ನೋ ಪಕ್ಕದ ಕೋಣೆಯಿಂದ ಕರೆದ ಹಾಗೆ ಕೂಗಿತು.

ಮಾವನ ಕೈ ಮತ್ತೆ ಗಾಳಿಗೆ ಎದ್ದಿತ್ತು.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಮಾವ ಏನೂ ಆಗದವರಂತೆ ಕೈಕಾಲು ತೊಳೆಯಲು ಹೋದರು. ಅವಳು ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

“ಎರಡನೇದು ಯಾರು ಹಾಕಿದ್ದು?”

“ನಿಮ್ಮಪ್ಪ ಹೇಳಿದರು. ಯಾಕೆ?”

“ಅದು ಅಮ್ಮನಿಗೆ ಕಣ್ರೀ. ‘ಹೊರಟೆ, ನೀರಿಡು’ ಅಂತ. ನಾನು ಚಿಕ್ಕವಳಿದ್ದಾಗ ದಿನಾ ಅದನ್ನ ಕೇಳಿದ ಮೇಲೇ ಅಮ್ಮ ಒಲೆ ಹಚ್ಚುತ್ತಿದ್ದಳು. ಆ ಮೆಮೊ ಬಂದಿದ್ದೂ ಅದಕ್ಕೇ, ಅನಗತ್ಯವಾಗಿ ಒಂದು ಕೂಗು ಅಂತ. ಅಪ್ಪ ನಿಲ್ಲಿಸಲಿಲ್ಲ, ಸ್ವಲ್ಪ ಚಿಕ್ಕದು ಮಾಡಿದರು ಅಷ್ಟೆ. ಇವತ್ತು ಕೇಳಿದ ಕೂಡಲೇ ನನ್ನ ಕೈ ತಾನಾಗೇ ಒಲೆ ಹಚ್ಚಿಬಿಡ್ತು.” ಹೇಳುತ್ತ ಹೇಳುತ್ತ ಅವಳು ಅತ್ತುಬಿಟ್ಟಳು. ಅತ್ತೆ ತೀರಿಕೊಂಡು ಹತ್ತು ವರ್ಷ. ಆ ರಾತ್ರಿ ಮಾವ ಎರಡು ಸಲ ಬಡಿಸಿಕೊಂಡು ಉಂಡರು.

ಶನಿವಾರ ಪ್ರಧಾನ ಕಚೇರಿಯವರು ಬಂದರು. ಗೋಪುರ ನೋಡಿದರು, ಸಂಜೆಯ ಕೂಗೂ ಕೇಳಿದರು. ಅವರಲ್ಲೊಬ್ಬರು ಹುಬ್ಬೇರಿಸಿ, “ಆ ಎರಡನೇದು ಯಾಕೆ?” ಎಂದರು. ಸಾಹೇಬರು ನನ್ನ ಕಡೆ ತಿರುಗಿದರು.

“ಕಂಪೈಲರ್ ಬಿಟ್ಟಿ ಸಿಕ್ಕಿದ್ದು ಸಾರ್. ಅದರ ಜೊತೆಗೆ ಬಂತು” ಎಂದೆ.

“ತೆಗೆಸಕ್ಕಾಗಲ್ವಾ?”

“ಮತ್ತೆ ಕಂಪೈಲ್ ಮಾಡಬೇಕು ಸಾರ್.”

“ನನ್ನ ಪುಸ್ತಕದಲ್ಲಿ ಜಾಗ ಇಲ್ಲ” ಎಂದ ದಾಖಲೆಯಣ್ಣ ಗಟ್ಟಿಯಾಗಿ. ಸಾಹೇಬರಿಗೆ ಕಾಫಿ ನೆನಪಾಯಿತೋ ಏನೋ, “ಇರಲಿ ಬಿಡಿ, ಬಿಟ್ಟಿ ಬಂದಿದ್ದು” ಎಂದುಬಿಟ್ಟರು.

ಇದಾಗಿ ಒಂದು ತಿಂಗಳ ಮೇಲೆ ಸ್ಟೋರಿನಲ್ಲಿ ಪಂಚಿಂಗ್ ಯಂತ್ರ ಬಿಗಿಯಾಯಿತು. ತಳದ ಮುಚ್ಚಳ ತೆಗೆದು ಮೇಜಿನ ಮೇಲೆ ಕೊಡವಿದೆ. ನೂರಾರು ಕಾಗದದ ಬೊಟ್ಟುಗಳು. ಆ ಶುಕ್ರವಾರ ಇದು ಹೊಳೆದಿದ್ದರೆ ಎಂದು ನಗುತ್ತ ಬೆರಳಲ್ಲಿ ಕೆದಕಿದೆ. ಬಾಗಿದ ಬ್ರಾಕೆಟ್ಟು ಇದ್ದ ಬೊಟ್ಟು ಸಿಕ್ಕಿತು. ಅದನ್ನು ಅಂಟು ಹಚ್ಚಿ ಎರಡನೇ ಹಾಳೆಯಲ್ಲಿ ಅದರ ಜಾಗಕ್ಕೇ ಕೂರಿಸಿದೆ. ಇನ್ನೂ ಕೆದಕಿದೆ. ಅದೇ ಹಾಳೆಯ ಇನ್ನೊಂದು ಬೊಟ್ಟು ಸಿಕ್ಕಿತು. ಅದರ ನಟ್ಟನಡುವೆ ಸ್ಪಷ್ಟವಾಗಿ ಒಂದು ಅಂಕಿ ಇತ್ತು: 1.

ಇಪ್ಪತ್ತೆರಡು ವರ್ಷದಲ್ಲಿ ಚೀಟಿಯಿಲ್ಲದೆ, ಸಹಿಯಿಲ್ಲದೆ ಒಂದು ಮೊಳೆಯನ್ನೂ ನಾನು ಸ್ಟೋರಿನಿಂದ ಹೊರಗೆ ಬಿಟ್ಟವನಲ್ಲ. ಆ ಬೊಟ್ಟನ್ನು ಅಂಗೈ ಮೇಲಿಟ್ಟುಕೊಂಡು ಕಿಟಕಿಯ ಹತ್ತಿರ ಹೋಗಿ, ಉಫ್ ಎಂದು ಊದಿಬಿಟ್ಟೆ.